ಗೋಡೆಯ ಕಡೆಯ ಹಂಚು

ಇನ್ನು ಹನ್ನೆರಡು ಹಂಚು ಉಳಿದಿವೆ ಎನ್ನುವಾಗ ಅವಳಿಗೆ ಕೈ ತೊಳೆದುಕೊಂಡು ಬರಬೇಕೆನಿಸಿತು. ಕೈ ಕೊಳೆಯಾಗಿರಲಿಲ್ಲ, ಬೆಳಗಿನಿಂದ ಆಗಲೇ ಮೂರು ಸಲ ತೊಳೆದಾಗಿತ್ತು. ಹೆಬ್ಬೆರಳಿನ ತುದಿಯಲ್ಲಿ ಅಂಟು ಒಣಗಿ ಚರ್ಮದ ಮೇಲೆ ಇನ್ನೊಂದು ಚರ್ಮ ಬೆಳೆದಂತಾಗಿತ್ತು, ಅಷ್ಟೆ. ನಲ್ಲಿಯ ಕೆಳಗೆ ಅದನ್ನು ಉಜ್ಜುತ್ತ, ಅದು ಸುರುಳಿ ಸುರುಳಿಯಾಗಿ ಬಿಟ್ಟುಬರುವುದನ್ನು ನೋಡುತ್ತ ನಿಂತಳು. ಹನ್ನೊಂದಕ್ಕೆ ಗಾರ್ಡ್ ಬರುತ್ತಾರೆ. ರೈಲಿನ ಕೊನೆಯ ಡಬ್ಬಿಯಲ್ಲಿ ಹಸಿರು ಬಾವುಟ ಹಿಡಿದು ಮೂವತ್ತು ವರ್ಷ ನಿಂತು ನಿವೃತ್ತರಾದವರು, ಈಗ ಮಾದರಿ ರೈಲಿನ ಕ್ಲಬ್ಬಿಗೆ ಹಿರಿಯರು. ಅವರು ರಟ್ಟಿನ ಪೆಟ್ಟಿಗೆ ತಂದು, ಒಳಗೆ ಮೇಜಿನ ಮೇಲಿರುವ ಪುಟ್ಟ ನಿಲ್ದಾಣವನ್ನು ಅದರಲ್ಲಿಟ್ಟುಕೊಂಡು ಹೋಗಿ, ಕ್ಲಬ್ಬಿನ ಹಲಗೆಯ ಮೇಲೆ ಅದರ ಜಾಗದಲ್ಲಿ ಅಂಟಿಸುತ್ತಾರೆ. ನಾಳೆ ಭಾನುವಾರ, ಜನ ನೋಡಲು ಬರುತ್ತಾರೆ. ಅಂಟಿಸಿದ ಮೇಲೆ ನಿಲ್ದಾಣದ ಹಂಚಿನ ಮಾಡಿನ ಹಿಂಭಾಗ ಗೋಡೆಗೆ ನಾಲ್ಕು ಬೆರಳು ದೂರದಲ್ಲಿ ನಿಂತುಬಿಡುತ್ತದೆ. ಆಮೇಲೆ ಅದು ಯಾರ ಕಣ್ಣಿಗೂ ಬೀಳುವಂತಿಲ್ಲ. ಹೇಳುವುದಿದ್ದರೆ ಅಷ್ಟರೊಳಗೆ ಹೇಳಬೇಕು. ಹೇಳಬೇಕೆಂದು ಅವಳು ತೀರ್ಮಾನಿಸಿ ಮೂರು ವಾರವಾಗಿತ್ತು. ಆ ಮೂರು ವಾರದಲ್ಲಿ ಗಾರ್ಡ್ ಐದು ಸಲ ಮನೆಗೆ ಬಂದು ಚಹಾ ಕುಡಿದು ಹೋಗಿದ್ದರು.

ಬಂದು ಮತ್ತೆ ಕುರ್ಚಿಯಲ್ಲಿ ಕುಳಿತಳು. ಕುರ್ಚಿ ಅವಳ ಗಂಡನದು. ಕೂತರೆ ಎಡಗಾಲು ಕುಂಟುತ್ತದೆ, ಅದಕ್ಕೆ ಅವನು ಮಡಿಸಿಟ್ಟಿದ್ದ ಕಾಗದ ಇನ್ನೂ ಅಲ್ಲೇ ಇದೆ. ಎದುರಿಗೆ ನಿಲ್ದಾಣ. ಅಂಗಡಿಯಲ್ಲಿ ಕೊಂಡು ಜೋಡಿಸಿದ್ದಲ್ಲ. ಗೋಡೆಗೆ ದಪ್ಪ ರಟ್ಟು, ಅದರ ಮೇಲೆ ಇಟ್ಟಿಗೆಯ ಸಾಲುಗಳನ್ನು ಇಂಕು ಮುಗಿದ ಬಾಲ್‌ಪೆನ್ನಿನಿಂದ ಒಂದೊಂದಾಗಿ ಒತ್ತಿ ಮೂಡಿಸಿದ್ದ. ಪ್ಲಾಟ್‌ಫಾರಮ್ಮಿನ ಬೆಂಚು ಬೆಂಕಿಕಡ್ಡಿಯದು. ಕಿಟಕಿಯ ಸರಳು ಚಹಾ ಸೋಸುವ ಜರಡಿಯದು. ಜರಡಿ ಎಲ್ಲಿ ಹೋಯಿತೆಂದು ಅತ್ತೆ ಎರಡು ದಿನ ಅಡುಗೆಮನೆಯನ್ನೆಲ್ಲ ಜಾಲಾಡಿದ್ದರು. ಎಲ್ಲವೂ ನಿಜದ ಎಂಬತ್ತೇಳರಲ್ಲಿ ಒಂದು ಪಾಲು. ನಿಜದ ನಿಲ್ದಾಣದಲ್ಲಿ ಟೇಪು ಹಿಡಿದು ಓಡಾಡಲು ಬಿಡುತ್ತಿರಲಿಲ್ಲವಾದ್ದರಿಂದ ಅವನು ಅವಳನ್ನೇ ಅಳತೆಗೋಲು ಮಾಡಿಕೊಂಡಿದ್ದ. ಮಧ್ಯಾಹ್ನದ ಬಿಸಿಲಿನಲ್ಲಿ ಟಿಕೆಟ್ ಕೋಣೆಯ ಬಾಗಿಲ ಪಕ್ಕ, ಆಮೇಲೆ ಕಿಟಕಿಯ ಪಕ್ಕ, ಆಮೇಲೆ ಕಂಬದ ಪಕ್ಕ ನೆಟ್ಟಗೆ ನಿಲ್ಲಿಸಿ ಫೋಟೋ ತೆಗೆದ. ಅವಳ ಎತ್ತರ ಗೊತ್ತಿದ್ದರೆ ಪಕ್ಕದಲ್ಲಿರುವುದೆಲ್ಲದರ ಅಳತೆಯೂ ಲೆಕ್ಕಕ್ಕೆ ಸಿಗುತ್ತದಂತೆ. ನಗಬೇಡ, ತಲೆ ವಾಲಿಸಬೇಡ ಎನ್ನುತ್ತಿದ್ದ. ಬೆಂಚಿನ ಮೇಲಿದ್ದ ಹೆಂಗಸೊಬ್ಬಳು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಏನು, ಮದುವೆಗೆ ತೋರಿಸೋ ಫೋಟೋನಾ ಎಂದು ಕೇಳಿದಾಗ ಅವಳಿಗೆ ನೆಲ ಬಾಯಿ ಬಿಡಬಾರದೇ ಎನಿಸಿತ್ತು. ಮನೆಗೆ ಬಂದು ಲೆಕ್ಕ ಹಾಕಿ ಅವನು ಬಹಳ ಖುಷಿಯಲ್ಲಿ ಹೇಳಿದ್ದ, ‘ನೀನು ಹದಿನೆಂಟು ಮಿಲಿಮೀಟರ್.’

ಗೋಡೆಗಳು ಎದ್ದ ಮೇಲೆ ನೋಡಿದರೆ ಕಟ್ಟಡ ಉದ್ದದಲ್ಲಿ ಆರು ಮಿಲಿಮೀಟರ್ ಕಡಿಮೆ ಬಂದಿತ್ತು. ಗಾರ್ಡ್ ತಮ್ಮ ಹಳೆಯ ಗುರುತಿನವರನ್ನು ಹಿಡಿದು ಅಡಿಪಾಯದ ಉದ್ದವೊಂದನ್ನು ಅಳೆಸಿ ತಂದಿದ್ದರಿಂದ ಗೊತ್ತಾದದ್ದು. ಎರಡು ದಿನ ಅವನು ತಲೆಯ ಮೇಲೆ ಕೈ ಹೊತ್ತು ಕುಳಿತ. ಮೂರನೆಯ ದಿನ ಪಾತ್ರೆ ತೊಳೆಯುತ್ತಿದ್ದಾಗ ಅವಳಿಗೆ ಥಟ್ಟನೆ ಹೊಳೆಯಿತು: ಅವತ್ತು ಅವಳ ಕಾಲಲ್ಲಿ ಹಿಮ್ಮಡಿ ಎತ್ತರದ ಚಪ್ಪಲಿ ಇತ್ತು, ಅಳತೆಗೋಲು ಉದ್ದವಾಗಿ ಉಳಿದದ್ದೆಲ್ಲ ಗಿಡ್ಡವಾಗಿತ್ತು. ಲೆಕ್ಕಕ್ಕೆ ತೆಗೆದುಕೊಂಡ ಫೋಟೋದಲ್ಲಿ ಪಾದ ಯಾವುದೋ ಮೂಟೆಯ ಹಿಂದೆ ಮುಚ್ಚಿಹೋಗಿತ್ತು. ಒದ್ದೆ ಕೈಯಲ್ಲೇ ಬಂದು ಹೇಳಿದಳು. ಅವನು ಒಂದು ಕ್ಷಣ ಅವಳ ಕಾಲನ್ನೇ ನೋಡಿ, ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ನಕ್ಕ. ಕ್ಲಬ್ಬಿನವರಿಗೆಲ್ಲ ಹೇಳಿದ. ಕಟ್ಟಡವನ್ನು ಮತ್ತೆ ಕಟ್ಟಲಿಲ್ಲ. ಆ ತಪ್ಪು ಹೇಳಿಕೊಳ್ಳುವಂಥದ್ದಾಗಿತ್ತು. ಹೇಳಿದ ಕೂಡಲೇ ಅದು ಇಬ್ಬರದೂ ಆಗಿಬಿಟ್ಟಿತ್ತು.

ಚಿಮಟದಲ್ಲಿ ಒಂದು ಹಂಚನ್ನು ಹಿಡಿದು, ಅದರ ಬೆನ್ನಿಗೆ ಸೂಜಿಯ ಮೊನೆಯಷ್ಟು ಅಂಟು ತಾಗಿಸಿ, ಇಟ್ಟಳು. ಹನ್ನೊಂದು ಉಳಿಯಿತು. ಹಂಚೆಂದರೆ ಮೂರು ಮಿಲಿಮೀಟರ್ ಅಗಲದ ಕಾಗದದ ಚೂರು. ಉದ್ದುದ್ದ ಪಟ್ಟಿ ಕತ್ತರಿಸಿ ಮೇಲೆ ಗೀರು ಎಳೆದರೆ ಸಾಕು, ಎಲ್ಲರೂ ಮಾಡುವುದು ಹಾಗೆಯೇ. ಅವನು ಡ್ರಾಯಿಂಗ್ ಕಾಗದಕ್ಕೆ ನಾಲ್ಕು ಬಗೆಯ ಕೆಂಪು ಬಳಿಯುತ್ತಿದ್ದ. ಹೊಸ ಹಂಚಿನ ಕೆಂಪು, ಬಿಸಿಲು ತಿಂದ ಕೆಂಪು, ಹೊಗೆ ಕುಡಿದದ್ದು, ಪಾಚಿ ಹಿಡಿದದ್ದು. ಒಂದೊಂದನ್ನೇ ಬ್ಲೇಡಿನಲ್ಲಿ ಕತ್ತರಿಸಿ ನಾಲ್ಕು ಗುಡ್ಡೆ ಮಾಡಿಕೊಂಡು, ಒಂದು ಇಲ್ಲಿಂದ ಒಂದು ಅಲ್ಲಿಂದ ಎತ್ತಿ ಅಂಟಿಸುತ್ತಿದ್ದ. ಸಾಲಿಗೆ ಎಂಬತ್ತು, ಒಂದೊಂದು ಕಡೆಗೆ ಇಪ್ಪತ್ತಾರು ಸಾಲು. ಪ್ಲಾಟ್‌ಫಾರಮ್ಮಿನ ಕಡೆಯ ಮಾಡನ್ನು ಅವನೇ ಮುಗಿಸಿದ್ದ. ಗೋಡೆಯ ಕಡೆಯದು ಮೂರು ಸಾಲಾಗಿತ್ತು. ಅವನು ಹೋದ ಮೇಲೆ ಏಳು ತಿಂಗಳು ಅದು ಹಳೆಯ ಟವೆಲಿನ ಕೆಳಗೆ ಮೂರು ಸಾಲಾಗಿಯೇ ಇತ್ತು. ಗಾರ್ಡ್ ಬಂದು, ಹಾಗೇ ಕೊಟ್ಟುಬಿಡಮ್ಮ, ಹಿಂದಕ್ಕೊಂದು ಕಪ್ಪು ಕಾಗದ ಅಂಟಿಸಿಕೊಳ್ಳುತ್ತೇವೆ, ಗೋಡೆಯ ಕಡೆಯದು ಯಾರಿಗೆ ಕಾಣಬೇಕು ಎಂದಾಗ ಆ ಮಾತು ಎಲ್ಲೋ ಕೇಳಿದ ಹಾಗಿದೆ ಎನಿಸಿ, ಎಲ್ಲಿ ಎಂದು ಹೊಳೆಯುವುದರೊಳಗೆ ಅವಳ ಬಾಯಿಂದ ಬಂದುಬಿಟ್ಟಿತ್ತು: ನಾನು ಮುಗಿಸಿ ಕೊಡುತ್ತೇನೆ. ಅತ್ತೆ ತಲೆಯೆತ್ತಿ ನೋಡಿದರು. ನೀರು ಪರೀಕ್ಷೆ ಮಾಡುವ ಪ್ರಯೋಗಾಲಯದಲ್ಲಿ ದಿನವಿಡೀ ಗಾಜಿನ ತಟ್ಟೆಯ ಮೇಲಿನ ಚುಕ್ಕೆಗಳನ್ನು ಎಣಿಸುವವಳು, ಕೈ ನಡುಗುವುದಿಲ್ಲ, ಮಾಡಿಯಾಳು ಎಂದು ಗಾರ್ಡ್ ಅಂದುಕೊಂಡಿರಬೇಕು. ನಡುಗುತ್ತಿರಲಿಲ್ಲ ನಿಜ. ಏಳು ತಿಂಗಳಿಂದ ಅವಳ ಕೈ ಯಾವುದಕ್ಕೂ ನಡುಗಿರಲಿಲ್ಲ. ಆಸ್ಪತ್ರೆಯಲ್ಲಿ ಅವನ ದೇಹ ತೋರಿಸಿ ಸಹಿ ಹಾಕಿಸಿಕೊಂಡಾಗಲೂ ಅಕ್ಷರ ದುಂಡಗೇ ಬಂದಿತ್ತು. ಗುಮಾಸ್ತ ಆ ಸಹಿಯನ್ನು ನೋಡಿ ಅವಳ ಮುಖ ನೋಡಿದ್ದ.

ಆದರೂ ಮೊದಲ ದಿನವೇ ಎಡವಿದ್ದಳು. ಅವನ ಮೂರು ಸಾಲಿನ ಹತ್ತಿರಕ್ಕೆ ಹೋಗಲು ಧೈರ್ಯ ಸಾಲದೆ, ಮಾಡಿನ ನೆತ್ತಿಯಿಂದ ಶುರುಮಾಡಿದ್ದಳು. ಇಳಿಯುತ್ತ ಇಳಿಯುತ್ತ ಎಂದಾದರೊಂದು ದಿನ ಅಲ್ಲಿ ಮುಟ್ಟಿದರಾಯಿತು ಎಂದು. ನಾಲ್ಕು ಸಾಲಾದ ಮೇಲೆ ಗಾರ್ಡ್ ಬಂದು ಕನ್ನಡಕ ಏರಿಸಿ ನೋಡಿ, ‘ಮೇಲಿಂದ ಹೊದೆಸಿದ್ರೆ ಮಳೆ ನೀರೆಲ್ಲ ಒಳಕ್ಕೇ ಇಳಿಯತ್ತಲ್ಲಮ್ಮ. ಸ್ಟೇಷನ್ ಮಾಸ್ಟರು ಕೊಡೆ ಹಿಡ್ಕೊಂಡು ಟಿಕೆಟ್ ಕೊಡ್ಬೇಕಾಗತ್ತೆ’ ಎಂದರು. ಕೆಳಗಿನ ಹಂಚಿನ ತಲೆಯ ಮೇಲೆ ಮೇಲಿನ ಹಂಚಿನ ಕಾಲು ಕೂರಬೇಕು, ಆದ್ದರಿಂದ ಸೂರಿನಿಂದಲೇ ಏರಬೇಕು. ಕಣ್ಣಿಗೆ ಕಾಣುವ ಇಷ್ಟು ಸಣ್ಣ ವಿಷಯ, ಹಂಚಿನ ಮನೆಗಳನ್ನು ನೋಡುತ್ತಲೇ ಬೆಳೆದವಳಿಗೆ ಗೊತ್ತಿರಲಿಲ್ಲ. ಮುನ್ನೂರಿಪ್ಪತ್ತು ಹಂಚುಗಳನ್ನು ಒದ್ದೆ ಕುಂಚದಿಂದ ನೆನೆಸಿ ಕಿತ್ತಳು. ಮರುದಿನ ಅವನ ಮೂರನೆಯ ಸಾಲಿನ ಮೇಲೆ ಸ್ಕೇಲು ಇಟ್ಟಾಗ ಕಂಡಿತು: ಸಾಲು ಸೊಟ್ಟಗಿತ್ತು. ಎಡದಿಂದ ಬಲಕ್ಕೆ ಹೋಗುವಷ್ಟರಲ್ಲಿ ಅರ್ಧ ಮಿಲಿಮೀಟರ್ ಮೇಲೆದ್ದಿತ್ತು. ಯಾಕೆ ಎಂದು ಅವಳಿಗೆ ಗೊತ್ತಿತ್ತು. ಸ್ಕೇಲನ್ನು ಕೆಳಗಿಟ್ಟು, ಕಿಟಕಿಯ ಹತ್ತಿರ ಹೋಗಿ ನಿಂತು, ಎದುರು ಮನೆಯವರು ಒಣಹಾಕಿದ್ದ ಬಟ್ಟೆಗಳನ್ನು ಒಂದೊಂದಾಗಿ ಎಣಿಸಿ ಬಂದಳು. ಆಮೇಲೆ ಮುಂದಿನ ಏಳು ಸಾಲುಗಳಲ್ಲಿ ಯಾರಿಗೂ ತಿಳಿಯದ ಹಾಗೆ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಗ್ಗಿಸುತ್ತ, ಹತ್ತನೆಯ ಸಾಲಿಗೆ ಅದನ್ನು ನೇರಕ್ಕೆ ತಂದಳು.

ಹೊರಗೆ ಅತ್ತೆ ಯಾರೊಡನೆಯೋ ಫೋನಿನಲ್ಲಿ ಮಾತಾಡುತ್ತಿದ್ದರು. ಹೂಂ, ಇವತ್ತು ತಗೊಂಡು ಹೋಗ್ತಾರೆ. ಸೊಸೇನೇ ಮುಗಿಸಿದ್ಲು. ಇನ್ನು ಆ ಕಥೆ ಬರುತ್ತದೆ ಎಂದು ಅವಳು ಚಿಮಟವನ್ನು ಕೆಳಗಿಟ್ಟಳು. ಬಂತು. ಸಾವಿನ ಮನೆಗೆ ಬಂದವರಿಗೆ ಏನು ಹೇಳಬೇಕೆಂದು ತೋಚದೆ ಎಲ್ಲರೂ ಚಾಪೆಯ ಅಂಚು ನೋಡುತ್ತ ಕುಳಿತಿದ್ದಾಗ ಅತ್ತೆ ಅದನ್ನು ಮೊದಲ ಸಲ ಹೇಳಿದ್ದು. ಮಗ ಎಷ್ಟು ತಾಳ್ಮೆಯವನು ಎನ್ನುವುದಕ್ಕೆ. ‘ಮೇಜಿನ ತುಂಬ ಸಣ್ಣ ಸಣ್ಣ ಕಾಗದದ ಚೂರು. ಪಾಪ, ಇವಳಿಗೇನು ಗೊತ್ತು, ಕಸ ಅಂದ್ಕೊಂಡು ಗುಡಿಸಿ ಬಿಸಾಕಿಬಿಟ್ಳು. ಒಂದು ತಿಂಗಳ ಕೆಲಸ. ನನ್ನ ಮಗ ತುಟಿ ಪಿಟಕ್ ಅನ್ನಲಿಲ್ಲ. ಮತ್ತೆ ಮೊದಲಿಂದ ಕತ್ತರಿಸೋಕೆ ಕೂತ.’ ಅಳುತ್ತಿದ್ದವರೆಲ್ಲ ಸ್ವಲ್ಪ ನಕ್ಕಿದ್ದರು. ಅವಳ ಕಡೆ ಪ್ರೀತಿಯಿಂದ ನೋಡಿದ್ದರು. ಅವಳೂ ನಕ್ಕಿದ್ದಳು. ಆ ನಗು ಈಗಲೂ ಕೆನ್ನೆಯ ಒಳಗೆಲ್ಲೋ ಅಂಟಿಕೊಂಡಿದೆ, ಉಜ್ಜಿದರೆ ಹೋಗುವಂಥದ್ದಲ್ಲ.

ಕಸ ಎಂದುಕೊಂಡಿರಲಿಲ್ಲ. ಹಿಂದಿನ ಸಂಜೆ ಚಹಾ ತಂದು ಅವನ ಪಕ್ಕ ನಿಂತಿದ್ದಳು. ಅವನು ತಲೆಯೆತ್ತಲಿಲ್ಲ. ಚಹಾದ ಮೇಲೆ ಕೆನೆ ಕಟ್ಟಿತು. ಇದು ಯಾವ ಕಡೆಯದು ಎಂದು ಕೇಳಿದಳು. ಹಿಂದಿನದು ಎಂದ. ಅದು ಗೋಡೆಗೆ ಹೋಗತ್ತಲ್ಲ, ಯಾರಿಗೆ ಕಾಣಬೇಕು ಎಂದಳು. ಹೂಂ ಎಂದ. ಅಷ್ಟೆ ನಡೆದದ್ದು. ಜಗಳವೂ ಅಲ್ಲ. ಯಾರ ಮುಂದಾದರೂ ಹೇಳಿಕೊಂಡರೆ ಅದಕ್ಕೇನಂತೆ ಎನ್ನುತ್ತಾರೆ. ಮರುದಿನ ಬೆಳಿಗ್ಗೆ ಅವನು ಸ್ನಾನಕ್ಕೆ ಹೋಗಿದ್ದಾಗ ಕೈಯಲ್ಲಿ ಸಣ್ಣ ಪೊರಕೆ, ಮೊರ ಹಿಡಿದು ಮೇಜಿನ ಮುಂದೆ ನಿಂತಳು. ಹಾಸಿದ್ದ ಪತ್ರಿಕೆಯ ಮೇಲೆ ನಾಲ್ಕು ಗುಡ್ಡೆ, ನಾಲ್ಕು ಕೆಂಪು. ಅಂಚು ಅಂಚಿಗೆ ಕೂಡಿ, ಎಷ್ಟು ಚೆಂದ ಇದ್ದವು. ಚೆಂದ ಇವೆ ಎಂದು ಅವಳಿಗೆ ಅನ್ನಿಸಿತು, ಅದು ಅವಳಿಗೆ ಚೆನ್ನಾಗಿ ನೆನಪಿದೆ. ಯಾರಿಗೂ ಕಾಣದ ಕಡೆಗೆ ಇಷ್ಟು ಚೆಂದ. ಚಿಮಟ, ಬ್ಲೇಡು, ಸ್ಕೇಲು ಎತ್ತಿ ಪಕ್ಕಕ್ಕಿಟ್ಟು, ಗುಡಿಸಿದಳು. ನಾಲ್ಕು ಕೆಂಪೂ ಮೊರದಲ್ಲಿ ಒಂದಾದವು. ಬಚ್ಚಲಲ್ಲಿ ನೀರು ಬೀಳುವ ಸದ್ದು ಕೇಳಿಸುತ್ತಲೇ ಇತ್ತು; ನಿಲ್ಲಿಸಿ, ಆರಿಸಿ, ಹಿಂದಕ್ಕಿಡಲು ಬೇಕಾದಷ್ಟು ಹೊತ್ತಿತ್ತು. ಚಿಮಟವನ್ನು ಸೆರಗಿನಲ್ಲಿ ಒರೆಸಿ ಇದ್ದಲ್ಲೇ ಇಟ್ಟಳು.

ಅವನು ತಲೆ ಒರೆಸಿಕೊಳ್ಳುತ್ತ ಬಂದು ಮೇಜಿನ ಮುಂದೆ ನಿಂತ. ಅವಳು ಬಾಗಿಲಲ್ಲಿದ್ದಳು. ಅವನು ತಿರುಗಿ, ಬಹಳ ಸಾಧಾರಣ ದನಿಯಲ್ಲಿ, ಕಸ ಅಂದ್ಕೊಂಡಿರ್ತೀಯ, ಪರವಾಗಿಲ್ಲ ಬಿಡು ಎಂದ. ಅವಳು ಹೌದೆಂದು ತಲೆಯಾಡಿಸಿದಳು. ಆಮೇಲೆ ಒಂಬತ್ತು ದಿನ. ಆ ಒಂಬತ್ತು ದಿನವೂ ಅವನು ಕೇಳುವ ಮೊದಲೇ ಅವಳು ಚಹಾ ತಂದಿಟ್ಟಳು, ಅವನ ಅಂಗಿಗಳಿಗೆ ಗುಂಡಿ ಹೊಲಿದಳು, ಅವನು ಕತ್ತರಿಸುವುದನ್ನು ಪಕ್ಕದಲ್ಲಿ ಕುಳಿತು ನೋಡಿದಳು. ಅವನು ಮೂರು ಸಾಲು ಅಂಟಿಸಿದ. ಹತ್ತನೆಯ ದಿನ ಕಚೇರಿಯ ಮೆಟ್ಟಿಲ ಮೇಲೆ, ಸ್ವಲ್ಪ ಕೂರ್ತೀನಿ ಎಂದು ಕುಳಿತವನು ಏಳಲಿಲ್ಲ. ಎಲ್ಲವನ್ನೂ ಎರಡನೆಯ ಸಲ ಕತ್ತರಿಸಿ ದಣಿದ ಕೈಯಲ್ಲಿ ಮೂರನೆಯ ಸಾಲು ಯಾಕೆ ಸೊಟ್ಟಗಾಯಿತು ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಗಾರ್ಡ್ ಹನ್ನೊಂದಕ್ಕೆ ಐದು ನಿಮಿಷ ಇರುವಾಗ ಬಂದರು. ಅವರ ಲೆಕ್ಕದಲ್ಲಿ ಅದೇ ಹನ್ನೊಂದು. ಪೆಟ್ಟಿಗೆಯೊಳಗೆ ಹಳೆಯ ಸ್ವೆಟರ್ ಹಾಸಿ ತಂದಿದ್ದರು. ಕೊನೆಯ ಹಂಚು ಇಟ್ಟು ಹತ್ತು ನಿಮಿಷವಾಗಿತ್ತಷ್ಟೆ, ಅಂಟು ಆರಲಿ ಎಂದು ಇನ್ನೊಂದು ಚಹಾ ಆಯಿತು. ಅತ್ತೆ ಬಂದು ನಿಲ್ದಾಣವನ್ನು ಮೊದಲು ದೂರದಿಂದ ನೋಡಿ, ಆಮೇಲೆ ಹತ್ತಿರ ಬಂದು ಕಿಟಕಿಯ ಸರಳಿನ ಮೇಲೆ ಬೆರಳಾಡಿಸಿ, ‘ನನ್ನ ಜರಡಿ’ ಎಂದು, ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರು. ಗಾರ್ಡ್ ತಮ್ಮ ಮುದಿ ಕಾರನ್ನು ರೈಲು ಬಿಟ್ಟಂತೆ, ಎರಡೂ ಕಡೆ ನೋಡಿ, ನಿಧಾನಕ್ಕೆ ಬಿಟ್ಟರು. ಪೆಟ್ಟಿಗೆ ಅಲುಗಬಾರದೆಂದು ಅವಳೂ ಜೊತೆಗೆ ಹೊರಟು ಅದನ್ನು ತೊಡೆಯ ಮೇಲಿಟ್ಟುಕೊಂಡಿದ್ದಳು. ಈಗ ಹೇಳಬಹುದು ಎಂದುಕೊಂಡಳು. ಮುಖಕ್ಕೆ ಮುಖ ಕೊಡಬೇಕಾಗಿಲ್ಲ. ಆ ಸಿಗ್ನಲ್ ದಾಟಲಿ. ಸಿಗ್ನಲ್ ದಾಟಿತು. ಔಷಧಿ ಅಂಗಡಿ, ಕನ್ನಡಕದ ಅಂಗಡಿ, ಶಾಲೆಯ ಉದ್ದ ಗೋಡೆ. ಶಾಲೆಯ ಗೋಡೆ ಮುಗಿಯಲಿ. ಗಾರ್ಡ್ ಸ್ವಲ್ಪ ಕಾಲು ನೋವಿನ ವಿಷಯ ಮಾತಾಡಿದರು. ಹೇಳಿದರೆ ಏನಾಗುತ್ತದೆ? ಇವರೊಬ್ಬರಿಗೇ ನಾಲ್ಕು ಗುಡ್ಡೆ ಎಂದರೆ ಏನೆಂದು ಗೊತ್ತು. ಬೇರೆ ಯಾರಿಗೆ ಹೇಳಿದರೂ, ಅಯ್ಯೋ ಕಾಗದದ ಚೂರು ತಾನೇ ಎಂದುಬಿಟ್ಟಾರು. ಹಾಗೆ ಅನ್ನದವರೊಬ್ಬರು ಬೇಕಾಗಿತ್ತು.

ಕ್ಲಬ್ಬೆಂದರೆ ಮುಚ್ಚಿದ ಹೊಲಿಗೆ ಯಂತ್ರದ ಅಂಗಡಿಯೊಂದರ ಮೇಲಿನ ಉದ್ದ ಕೋಣೆ. ಮೂರು ಗೋಡೆಗೂ ತಾಗಿ ಹಲಗೆ, ಹಲಗೆಯ ಮೇಲೆ ಹಳಿ, ಹರಿದ ಸ್ಪಂಜಿನ ಮರಗಳು. ಬೇರೆ ಯಾರೂ ಇನ್ನೂ ಬಂದಿರಲಿಲ್ಲ. ನಿಲ್ದಾಣಕ್ಕಾಗಿ ಕೊರೆದ ಜಾಗ ಖಾಲಿ ಇತ್ತು. ಮರದ ಬಿಳಿ ಹಾಗೇ ಕಾಣುತ್ತಿತ್ತು, ಹಲ್ಲು ಕಿತ್ತ ವಸಡಿನಂತೆ. ಗಾರ್ಡ್ ಅಂಟಿಲ್ಲದೆ ಮೊದಲು ಸುಮ್ಮನೆ ಇಟ್ಟು ನೋಡಿದರು. ಒಂದು ಬದಿಗೆ ಆರು ಮಿಲಿಮೀಟರ್ ಸಂದಿ. ‘ನಿನ್ನ ಚಪ್ಪಲಿ ಜಾಗ’ ಎಂದರು. ಬಣ್ಣ ಹಾಕಿದ ಮರದ ಪುಡಿ ತುಂಬಿದರೆ ಹುಲ್ಲು ಬೆಳೆದಂತೆ ಕಾಣುತ್ತದೆ ಎಂದರು. ಪ್ಲಾಟ್‌ಫಾರಮ್ಮಿನ ಕಡೆಯಿಂದ ನಿಲ್ದಾಣ ತನ್ನ ಜಾಗದಲ್ಲೇ ಮೊದಲಿನಿಂದ ಇದ್ದಂತಿತ್ತು. ಅವಳ ಇಪ್ಪತ್ತಮೂರು ಸಾಲು ಎಲ್ಲೂ ಇರಲಿಲ್ಲ. ಗಾರ್ಡ್ ಅಂಟಿನ ಟ್ಯೂಬಿನ ಮುಚ್ಚಳ ತಿರುಗಿಸಿದರು.

‘ಅಂಕಲ್’ ಎಂದಳು. ‘ಅದು ಕಸ ಅಲ್ಲ ಅಂತ ನನಗೆ ಗೊತ್ತಿತ್ತು.’

ಅವರು ಟ್ಯೂಬನ್ನು ಹಾಗೇ ಹಿಡಿದುಕೊಂಡು ನಿಂತರು. ಯಾವುದು ಎಂದು ಕೇಳಲಿಲ್ಲ. ಕೇಳಲಿಲ್ಲವೆಂಬುದು ಅವಳ ಗಮನಕ್ಕೆ ಬರಲು ಸ್ವಲ್ಪ ಹೊತ್ತಾಯಿತು.

‘ಅವನಿಗೂ ಗೊತ್ತಿತ್ತಮ್ಮ’ ಎಂದರು. ‘ಅವತ್ತು ಸಂಜೆ ಇಲ್ಲಿಗೆ ಬಂದು ಹೇಳ್ದ. ಇವಳು ನನ್ನ ಮಾಡನ್ನೇ ಗುಡಿಸಿಬಿಟ್ಟಿದಾಳೆ, ಚಿಮಟಾನ ಒರೆಸಿ ಮತ್ತೆ ಇದ್ದಲ್ಲೇ ಇಟ್ಟಿದಾಳೆ, ಕಸ ಅಂದ್ಕೊಂಡೋರು ಹಾಗೆ ಮಾಡ್ತಾರಾ ಅಂತ. ನಗ್ತಿದ್ದ.’

‘ಮತ್ತೆ ಅವರು ನನ್ನ ಹತ್ರ ಕಸ ಅಂದ್ಕೊಂಡಿರ್ತೀಯ ಅಂದ್ರಲ್ಲ.’

‘ನಾನೂ ಕೇಳ್ದೆ. ಯಾಕೆ ಗುಡಿಸ್ದೆ ಅಂತ ಕೇಳಿದ್ರೆ ಅವಳು ಸುಳ್ಳು ಹೇಳ್ಬೇಕಾಗತ್ತೆ ಅಂಕಲ್, ಅದಕ್ಕೆ ಆ ಸುಳ್ಳು ನಾನೇ ಹೇಳ್ಬಿಟ್ಟೆ ಅಂದ.’ ಟ್ಯೂಬಿನ ಬಾಯಲ್ಲಿ ಅಂಟು ಒಂದು ಹನಿಯಾಗಿ ನಿಂತಿತ್ತು. ಅದನ್ನು ಬೆರಳಿನಿಂದ ಒರೆಸಿ, ‘ನಿನಗೆ ಹೇಳಿರ್ತಾನೆ ಅಂದ್ಕೊಂಡಿದ್ದೆ’ ಎಂದರು.

ಅವಳು ಹಲಗೆಯ ಅಂಚು ಹಿಡಿದುಕೊಂಡಳು. ಹಗುರಾಗಬಹುದೆಂದು ಅಂದುಕೊಂಡಿದ್ದಳು, ಅಥವಾ ಅಳು ಬರಬಹುದೆಂದು. ಬಂದದ್ದು ಸಿಟ್ಟು. ಒಂಬತ್ತು ದಿನ. ಗೊತ್ತಿದ್ದೂ ಅವಳು ಕೊಟ್ಟ ಚಹಾ ಕುಡಿದ. ಗುಂಡಿ ಹೊಲಿಯುವಾಗ ಸುಮ್ಮನೆ ನೋಡಿದ. ಅವಳು ಒಳ್ಳೆಯವಳಾಗುತ್ತಿರುವುದನ್ನು ಕುಳಿತು ನೋಡಿದ, ಬೇಕಾದರೆ ನಕ್ಕ, ಇಲ್ಲಿ ಬಂದು ಹೇಳಿಕೊಂಡ, ಅವಳಿಗೆ ಮಾತ್ರ ಹೇಳಲಿಲ್ಲ. ಒಂದು ಸಲ ಬೈದಿದ್ದರೆ ಅವಳೂ ಬೈಯುತ್ತಿದ್ದಳು, ಆ ಚಹಾ, ಆ ಹೂಂ, ಎಲ್ಲ ಹೊರಗೆ ಬೀಳುತ್ತಿತ್ತು, ಮುಗಿಯುತ್ತಿತ್ತು. ದೊಡ್ಡ ಮನಸ್ಸು ಮಾಡಿ ಎಲ್ಲವನ್ನೂ ಅವಳ ತಲೆಗೇ ಕಟ್ಟಿ ಹೋದ. ಈಗ ಎದುರಿಗಿದ್ದರೆ ಏನೆಲ್ಲ ಅನ್ನುತ್ತಿದ್ದಳೋ. ಹಲಗೆಯ ಮೇಲಿನ ಸ್ಪಂಜಿನ ಮರವೊಂದು ಅಲುಗುತ್ತಿರುವುದನ್ನು ಕಂಡಳು. ಅವಳ ಕೈ ನಡುಗುತ್ತಿತ್ತು.

ಗಾರ್ಡ್ ಆ ಕಡೆ ನೋಡಲಿಲ್ಲ. ಕೆಲಸಕ್ಕೆ ಬಗ್ಗಿ ಅಡಿಪಾಯಕ್ಕೆ ಸುತ್ತಲೂ ಅಂಟು ಹಚ್ಚಿ, ನಿಲ್ದಾಣವನ್ನು ಇಟ್ಟು, ಎರಡೂ ಕೈಯಿಂದ ಒತ್ತಿ, ಇನ್ನೂರರ ತನಕ ಎಣಿಸಿದರು. ಆಮೇಲೆ ಡಬ್ಬಿಯಿಂದ ಉದ್ದ ಕಾಲಿನ ಪುಟ್ಟ ಕನ್ನಡಿಯೊಂದನ್ನು ಹುಡುಕಿ ತೆಗೆದರು. ಕ್ಲಬ್ಬಿನಲ್ಲಿ ಹಲ್ಲಿನ ಡಾಕ್ಟರರೊಬ್ಬರಿದ್ದಾರೆ, ಹಳೆಯದಾದ ಮೇಲೆ ಅವರ ಸಾಮಾನೆಲ್ಲ ಇಲ್ಲಿಗೇ ಬರುತ್ತದೆ. ಕನ್ನಡಿಯನ್ನು ಗೋಡೆಗೂ ಮಾಡಿಗೂ ನಡುವೆ ಇಳಿಸಿ, ಬ್ಯಾಟರಿ ಬಿಟ್ಟು, ಬಾಯೊಳಗೆ ನೋಡುವವರಂತೆ ಕತ್ತು ಓರೆ ಮಾಡಿ, ಸೂರಿನಿಂದ ನೆತ್ತಿಯವರೆಗೆ ಒಂದೊಂದೇ ಸಾಲು ನೋಡುತ್ತ ಹೋದರು. ಪರವಾಗಿಲ್ಲಮ್ಮ, ಪಾಚಿ ಹಿಡಿದದ್ದನ್ನೆಲ್ಲ ಸೂರಿನ ಕಡೆಗೇ ಹಾಕಿದೀಯ, ಅಲ್ಲೇ ಹಿಡಿಯೋದು ಅದು ಎಂದರು. ಮತ್ತೆ ಕೆಳಗಿಳಿಸಿದರು. ಕನ್ನಡಿ ಒಂದು ಕಡೆ ನಿಂತಿತು.

‘ಇಲ್ಲೊಂದು ಸಾಲು ಸ್ವಲ್ಪ ಸೊಟ್ಟ ಬಂದಿದೆ. ಇರ್ಲಿ ಬಿಡು, ಹೊಸ ಕೈ. ಯಾರಿಗೂ ಕಾಣಲ್ಲ.’

ಅವಳು ಕೈ ಚಾಚಿ ಕನ್ನಡಿ ತೆಗೆದುಕೊಂಡಳು. ನಾಣ್ಯದಷ್ಟಗಲದ ಬೆಳಕಿನಲ್ಲಿ ಕೆಂಪು ಹಂಚುಗಳು ನಡುಗಿದವು. ಎಷ್ಟನೆಯ ಸಾಲೆಂದು ಎಣಿಸಿದಳು. ಎಣಿಸುವ ಅಗತ್ಯವಿರಲಿಲ್ಲ.

‘ಅದು ನಂದಲ್ಲ ಅಂಕಲ್’ ಎಂದಳು. ‘ಅವರದ್ದು.’